ನೆರೆಮನೆಯವರು ಸಾಯುತ್ತಿದ್ದ ಸಿನಿಮಾ

ಅಮೆರಿಕದ ಹಿಕ್ಸ್‌ವಿಲ್‌ನಲ್ಲಿ ನನ್ನ ಮಗಳ ಮನೆಯಿರುವ ಬೀದಿಯಲ್ಲಿ ಮನೆಗಳ ನಡುವೆ ಗೋಡೆಗಳಿಲ್ಲ, ಸೊಂಟದೆತ್ತರದ ಬೇಲಿಗಳಿವೆ. ನಮ್ಮ ಬೇಲಿಯ ಆಚೆ ಇಟಲಿ ಮೂಲದ ಹಿರಿಯರೊಬ್ಬರು ತಮ್ಮ ಪತ್ನಿಯೊಡನೆ ವಾಸವಾಗಿದ್ದರು. ಜೀವಮಾನವಿಡೀ ಪರರ ಮನೆಗಳಿಗೆ ಟೈಲ್ಸ್ ಹಾಕಿದವರು. ಮಂಡಿಗಳು ಸವೆದುಹೋಗಿ, ನಡೆಯುವಾಗ ದೋಣಿಯಂತೆ ಎರಡೂ ಕಡೆಗೆ ವಾಲುತ್ತಿದ್ದರು. ಅಮೆರಿಕದ ಮಾಫಿಯಾ ಸಿನಿಮಾಗಳಲ್ಲಿ ಅವರು ಹಲವು ಬಾರಿ ಕೊಲೆಯಾಗಿದ್ದಾರೆ ಎಂಬ ಸಂಗತಿ ನನಗೆ ತಿಳಿದದ್ದು ನನ್ನ ಹೆಂಡತಿ ತೀರಿಕೊಂಡ ಮೇಲೆ.

ಆಕೆ ಹೋದದ್ದು ಚಳಿಗಾಲದ ಒಂದು ಬೆಳಿಗ್ಗೆ, ಇಲ್ಲಿಯ ಆಸ್ಪತ್ರೆಯಲ್ಲಿ. ಮಸೀದಿಯ ಹೆಂಗಸರು ಬಂದು ಮೈ ತೊಳೆದು ಕಫನ್ ಬಟ್ಟೆ ತೊಡಿಸಿದರು. ನಾವು ಅನುಸರಿಸುವ ಧರ್ಮಶಾಸ್ತ್ರದಂತೆ, ಹೆಂಡತಿಯ ಉಸಿರು ನಿಂತ ಕ್ಷಣದಿಂದ ಗಂಡ ಆಕೆಯನ್ನು ಮುಟ್ಟುವಂತಿಲ್ಲ, ಮುಖವನ್ನು ನೋಡಬಹುದು. ಹುಡುಗನಾಗಿದ್ದಾಗ ಮೈಸೂರಿನ ಮದರಸಾದಲ್ಲಿ ಈ ವಿಧಿಯನ್ನು ಅರಬ್ಬಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಗುರುಗಳಿಂದ ಶಭಾಸ್ ಎನ್ನಿಸಿಕೊಂಡಿದ್ದೆ. ಆ ದಿನ ವಿಧಿಯಂತೆಯೇ ನಡೆದುಕೊಂಡೆ. ಬಟ್ಟೆ ಸರಿಸಿದರು, ನೋಡಿದೆ, ಮುಚ್ಚಿದರು. ಸಂತಾಪಕ್ಕೆ ಬಂದವರು ನನ್ನ ಸ್ಥೈರ್ಯವನ್ನು ಹೊಗಳಿದರು. ಅದು ಸ್ಥೈರ್ಯವಾಗಿರಲಿಲ್ಲ. ಆ ದಿನದಿಂದ ನಮಾಜಿಗೆ ನಿಂತರೆ ನಾಲಗೆ ತಾನಾಗಿ ಹೇಳಿಕೊಂಡು ಹೋಗುತ್ತಿತ್ತು. ಊಟಕ್ಕೆ ಕುಳಿತರೆ ಕೈ ತಾನಾಗಿ ಬಾಯಿಗೆ ಬರುತ್ತಿತ್ತು. ಮಗಳು ಸಾರಿಗೆ ಉಪ್ಪು ಹಾಕುವುದನ್ನು ಮರೆತ ದಿನ ನಾನು ಪೂರ್ತಿ ಊಟ ಮಾಡಿ ಎದ್ದುಬಿಟ್ಟೆ. ಮಗಳು ಅತ್ತಳು. ಏಕೆ ಅಳುತ್ತಾಳೆಂದು ವಿಚಾರಿಸಿ ತಿಳಿಯಬೇಕಾಯಿತು.

ಆ ವಸಂತದಲ್ಲಿ ನೆರೆಯವರು ಬೇಲಿಯ ಮೇಲೆ ಮೊಣಕೈಯೂರಿ ನನ್ನನ್ನು ಕರೆದರು. ನಾನು ಮೇಷ್ಟ್ರಾಗಿದ್ದೆನೆಂದು ಯಾರೋ ಹೇಳಿದ್ದರಿಂದ ನನ್ನನ್ನು ಪ್ರೊಫೆಸರ್ ಮಾಡಿಬಿಟ್ಟಿದ್ದರು. ನಾನು ಮೈಸೂರಿನ ಪ್ರೌಢಶಾಲೆಯೊಂದರ ಕನ್ನಡ ಪಂಡಿತ ಮಾತ್ರ ಎಂದು ತಿದ್ದಿದರೂ ಪ್ರಯೋಜನವಾಗಲಿಲ್ಲ.

"ಪ್ರೊಫೆಸರ್, ಒಳಗೆ ಕೂತು ಏನ್ ಮಾಡ್ತೀರಿ? ನಮ್ ಗ್ಯಾರೇಜಿಗೆ ಬನ್ನಿ. ಇವತ್ತು ಮಧ್ಯಾಹ್ನ ನಾನು ಸಾಯ್ತೀನಿ."

ಈ ಕಡೆಯ ಹಳೆಯ ಇಟಾಲಿಯನ್ ಮನೆಗಳಲ್ಲಿ ಗ್ಯಾರೇಜಿನೊಳಗೆ ಕಾರು ಇರುವುದಿಲ್ಲ. ಮಡಿಸುವ ಕುರ್ಚಿಗಳು, ಹಳೆಯ ಫ್ರಿಜ್ಜು, ಟಿ.ವಿ., ಟೊಮ್ಯಾಟೊ ಬೇಯಿಸುವ ದೊಡ್ಡ ಒಲೆ ಇರುತ್ತವೆ. ಬಾಗಿಲನ್ನು ಮೇಲಕ್ಕೆ ಸುತ್ತಿ, ಬೀದಿಗೆ ಮುಖ ಮಾಡಿ ಮುದುಕರು ಅಲ್ಲಿ ಕುಳಿತಿರುತ್ತಾರೆ, ನಮ್ಮೂರಿನವರು ಜಗಲಿಯ ಮೇಲೆ ಕೂರುವ ಹಾಗೆ. ನಾನು ಹೋದೆ. ಆದರೆ ನಾನು ಸಿನಿಮಾ ನೋಡುವವನಲ್ಲ. ಕುರಾನನ್ನು ಕಂಠಸ್ಥ ಮಾಡಿದ ನನ್ನಂಥ ಹಾಫಿಜರಲ್ಲಿ ಹಲವರು ಅನುಸರಿಸುವ ಪಥ್ಯ ಅದು. ನನಗೆ ಅದು ಎಂದೂ ಕಷ್ಟವೆನಿಸಿರಲಿಲ್ಲ. ಹೀಗೆಂದು ಹೇಳಿದಾಗ ಅವರು ಕ್ಷಣಕಾಲ ಯೋಚಿಸಿ, ನನ್ನ ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿದರು.

"ಸರಿ. ನೀವು ರಸ್ತೆ ನೋಡಿ, ನಾನು ಸಿನಿಮಾ ನೋಡ್ತೀನಿ. ನಮ್ಮ ಕೆಲಸದಲ್ಲಿ ಒಬ್ಬ ಯಾವಾಗ್ಲೂ ಕಾವಲಿಗೆ ಇರ್ಬೇಕು."

"ಯಾವ ಕೆಲಸ? ಟೈಲ್ಸ್ ಹಾಕೋದೇ?"

"ಟೈಲ್ಸ್ ಹಾಕೋದ್ರಲ್ಲೂ ಸ್ವಾಮಿ. ಒದ್ದೆ ಸಿಮೆಂಟಿನ ಮೇಲೆ ಯಾರಾದ್ರೂ ಕಾಲಿಟ್ರೆ ಕೊಲೆ ಮಾಡೋ ಹಂಗೆ ಆಗುತ್ತೆ."

ಹೀಗೆ ಆ ವರ್ಷದ ಬಹುಪಾಲು ಮಧ್ಯಾಹ್ನಗಳನ್ನು ನಾನು ಪರದೆಗೆ ಬೆನ್ನು ಹಾಕಿ, ಮಾಫಿಯಾ ಸಿನಿಮಾಗಳನ್ನು ಕೇಳುತ್ತ ಕಳೆದೆ. ನನ್ನ ಅಳಿಯ ಬೆಂಗಳೂರಿನವನು. ಮ್ಯಾನ್‌ಹಟನ್‌ಗೆ ರೈಲಿನಲ್ಲಿ ಕಮ್ಯೂಟ್ ಮಾಡುತ್ತಾನೆ. ಅವನಿಗೆ ಇದು ದೊಡ್ಡ ತಮಾಷೆಯಾಯಿತು. ಚಳಿಗಾಲಕ್ಕೆ ಮುಂಚೆ ನೆರೆಯವರು ತಮ್ಮ ಅಂಜೂರದ ಮರವನ್ನು ಹಿಮಕ್ಕೆ ಸಾಯದಂತೆ ಗೋಣಿತಾಟಿನಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದಾಗ ಅಳಿಯ ಕಿಟಕಿಯಲ್ಲಿ ನಿಂತು, "ಮಾಮು, ಸ್ವಲ್ಪ ಕೇರ್‌ಫುಲ್ ಆಗಿರಿ. ಅದರೊಳಗೆ ಯಾರಿದ್ದಾರೋ! ಇವರೆಲ್ಲ ರಿಟೈರ್ಡ್ ಡಾನ್‌ಗಳು," ಎಂದ. ಈ ಮಾತನ್ನು ನಾನು ನೆರೆಯವರಿಗೆ ಹೇಳಿದೆ. ಅವರು ಬೇಲಿಯ ಬಳಿ ಬಂದು, ಅಳಿಯನಿಗೆ ಕೇಳುವಂತೆ, "ಇನ್ನೂ ಜಾಗ ಇದೆ ಅಂತ ಹೇಳಿ ನಿಮ್ ಹುಡುಗನಿಗೆ," ಎಂದು ಕೂಗಿದರು.

ಕಣ್ಣಿನ ಸಹಾಯವಿಲ್ಲದೆ ಕೇಳಿದ ಆ ಚಿತ್ರಗಳಲ್ಲಿ ಮೊದಲು ನನ್ನ ಗಮನಕ್ಕೆ ಬಂದದ್ದು ಊಟ. ತಟ್ಟೆ, ಚಮಚ, ಬೆಳ್ಳುಳ್ಳಿ ಹುರಿಯುವ ಸದ್ದು, ಇನ್ನೂ ಸ್ವಲ್ಪ ಹಾಕಿಕೋ ಎನ್ನುವ ತಾಯಂದಿರು. ಅದರ ನಡುವೆ ಗೌರವ, ಕುಟುಂಬ, ಮಾತು ಕೊಡುವುದು, ಮಾತು ತಪ್ಪುವುದು ಇವುಗಳ ಕುರಿತು ದೀರ್ಘ ಸಂಭಾಷಣೆ, ಬಳಿಕ ಗುಂಡು, ಬಳಿಕ ಮತ್ತೆ ಊಟ. ಏರುದನಿಯಲ್ಲಿ ಕೂಗಾಡುವವರು ಸಾಯುತ್ತಾರೆ, ಮೆಲುದನಿಯವರು ಸಾಯಿಸುತ್ತಾರೆ ಎಂಬುದನ್ನು ಬೇಗನೆ ಕಲಿತೆ. ಯಾರ ಸರದಿ ಬಂತೆಂದು ದನಿಯಿಂದಲೇ ಊಹಿಸತೊಡಗಿದೆ. ನೆರೆಯವರು ತಮ್ಮದೇ ಸೂತ್ರವೊಂದನ್ನು ಹೇಳಿಕೊಟ್ಟರು: "ಮಗಳ ಮದುವೆ ವಿಷಯ ಎತ್ತಿದ ಅಂದ್ರೆ ಮುಗೀತು. ಐದು ನಿಮಿಷ ಇರಲ್ಲ ಅವ್ನು."

"ನಿಜವಾಗಿ ಇಂಥವರನ್ನು ಕಂಡಿದ್ದೀರಾ?" ಎಂದು ಒಮ್ಮೆ ಕೇಳಿದೆ.

"ಒಬ್ಬನ್ನ. ಇರಬಹುದು ಅಂತ ಜನ ಅಂತಿದ್ರು. ಅವನ ಬಾತ್‌ರೂಮಿಗೆ ಟೈಲ್ಸ್ ಹಾಕಿದೆ. ಗುಲಾಬಿ ಬಣ್ಣ. ನಾಲ್ಕು ದಿನದಲ್ಲಿ ಒಂದು ಲೋಟ ನೀರು ಕೊಡಲಿಲ್ಲ ಮನುಷ್ಯ. ಸಿನಿಮಾದಲ್ಲಿ ನೋಡಿ, ಕೊಲ್ಲೋಕೆ ಮುಂಚೆ ಕೂಡ ಕಾಫಿ ಕೊಡ್ತಾರೆ!"

ಅವರು ಸಿನಿಮಾ ಸೇರಿದ್ದೂ ಟೈಲ್ಸ್ ಮೂಲಕವೇ. ಹೋಟೆಲೊಂದರ ನೆಲದ ಕೆಲಸ ಮಾಡುತ್ತಿದ್ದಾಗ ಅಲ್ಲಿ ಚಿತ್ರೀಕರಣಕ್ಕೆ ಬಂದವರಲ್ಲಿ ಒಬ್ಬನು ಇವರ ಮುಖ ನೋಡಿ, ಕೈ ತೊಳೆದುಕೊಂಡು ಆ ಮೇಜಿನಲ್ಲಿ ಕುಳಿತುಕೊಳ್ಳಿ ಎಂದನಂತೆ. "ಯಾರನ್ನೋ ಕೊಂದವನ ಮುಖ ಇದೆ ನನಗೆ, ಅಂದ. ಅವತ್ತಿಂದ ಬರೀ ನನ್ನನ್ನೇ ಕೊಂದ್ರು."

ನಮ್ಮ ದೇಶದ ಸಿನಿಮಾಗಳಲ್ಲಿ ಭೂಗತ ದೊರೆ ಎಷ್ಟೋ ಬಾರಿ ನಮ್ಮ ಮತದವನೇ ಆಗಿರುತ್ತಾನೆ, ಕಣ್ಣಿಗೆ ಸುರ್ಮಾ ಹಚ್ಚಿ, ನಮಾಜು ಮುಗಿಸಿ, ಅದೇ ಚಾಪೆ ಮಡಚಿಟ್ಟು ಗುಂಡು ಹಾರಿಸುತ್ತಾನಂತೆ ಎಂದು ನಾನು ಹೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಾಗಾದ್ರೆ ನಿಮಗೂ ಪಾರ್ಟ್ ಗ್ಯಾರಂಟಿ ಪ್ರೊಫೆಸರ್. ಗಡ್ಡ ರೆಡಿ ಇದೆ."

"ಸಿಕ್ಕಿದೆ. ಏರ್‌ಪೋರ್ಟಿನಲ್ಲಿ. ಪಕ್ಕಕ್ಕೆ ಕೂರಿಸಿದರು. ಆದರೆ ಊಟ ಹಾಕಲಿಲ್ಲ."

ಅವರು ಕೆಮ್ಮು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲವಾದರೂ ನಗಿಸಿದೆನಲ್ಲ ಎಂಬುದು ಗೊತ್ತಾಯಿತು.

ಅವರು ಸತ್ತ ಸಿನಿಮಾಗಳಲ್ಲಿ ಒಂದನ್ನು ಮಾತ್ರ ಮತ್ತೆ ಮತ್ತೆ ಹಾಕುತ್ತಿದ್ದರು. ಉಳಿದವುಗಳಲ್ಲಿ ಕತ್ತಲು, ಮಳೆ, ಏನೂ ಕಾಣುವುದಿಲ್ಲ ಎನ್ನುತ್ತಿದ್ದರು. ಆ ಒಂದರಲ್ಲಿ ಹೋಟೆಲಿನ ದೃಶ್ಯವಿತ್ತು. ಹಲವರು ಉಣ್ಣುತ್ತಿರುತ್ತಾರೆ; ಒಬ್ಬನು ಕತ್ತೆ ಮಾರಿದವನ ಉದ್ದನೆಯ ಕಥೆ ಹೇಳುತ್ತಾನೆ; ಎಲ್ಲರೂ ನಗುತ್ತಾರೆ; ಹೆಂಗಸೊಬ್ಬಳು ಉಪ್ಪು ಕೇಳುತ್ತಾಳೆ. ಅಲ್ಲಿಗೆ ಬಂದಾಗ ನೆರೆಯವರು ನನ್ನ ಬೆನ್ನ ಹಿಂದಿನಿಂದ, "ಈಗ," ಎನ್ನುತ್ತಿದ್ದರು. ಗುಂಡುಗಳು. ತಟ್ಟೆ ಒಡೆಯುವ ಸದ್ದು. ಬಳಿಕ ರೇಡಿಯೋ ಮಾತ್ರ ಹಾಡುತ್ತಿರುತ್ತದೆ. ಅವರ ಹೆಂಡತಿ ಆಗ ಗ್ಯಾರೇಜಿನ ಕಡೆಗೆ ಬರುತ್ತಿರಲಿಲ್ಲ.

ಕಳೆದ ವರ್ಷ ಬೇಸಗೆ ಮುಗಿಯುವ ಹೊತ್ತಿಗೆ ನೆರೆಯವರಿಗೆ ಶ್ವಾಸಕೋಶದ ರೋಗ ಕಾಣಿಸಿಕೊಂಡಿತು. ಎಷ್ಟೋ ವರ್ಷ ಟೈಲ್ಸ್ ಕತ್ತರಿಸಿದ ಧೂಳು ಎಂದು ವೈದ್ಯರು ಹೇಳಿದರಂತೆ. ಕೊನೆಯ ವಾರಗಳನ್ನು ಆಸ್ಪತ್ರೆಯಲ್ಲಿ, ಮೂಗು ಬಾಯಿ ಮುಚ್ಚುವ ಆಮ್ಲಜನಕದ ಮುಸುಕಿನೊಳಗೆ ಕಳೆದರು. ಅವರು ತೀರಿಕೊಂಡಾಗ ಹೆಂಡತಿ ಬಟ್ಟೆ ಬದಲಿಸಲು ಮನೆಗೆ ಬಂದಿದ್ದರು. ಅವರ ಪದ್ಧತಿಯಲ್ಲಿ ಶವಪೆಟ್ಟಿಗೆಯನ್ನು ತೆರೆದಿಟ್ಟು, ಬಂದವರೆಲ್ಲ ಮುಖ ನೋಡಿ ಮೊಣಕಾಲೂರುತ್ತಾರೆ. ನಾನೂ ಮಗಳೂ ಹೋದಾಗ ಪೆಟ್ಟಿಗೆ ಮುಚ್ಚಿತ್ತು. "ಅವರೇ ಹೇಳಿಟ್ಟಿದ್ರು," ಎಂದು ಅವರ ಹೆಂಡತಿ ನಮಗೆ ವಿವರಿಸಿದರು. "ನಾನು ಸತ್ತಿದ್ದನ್ನ ಅಪರಿಚಿತರು ಸಾಕಷ್ಟು ಸಲ ನೋಡಿದ್ದಾರೆ, ಈ ಸಲ ಮುಚ್ಚಳ ಹಾಕ್ಬಿಡಿ ಅಂತ. ಮಾತು ಕೊಟ್ಟಿದ್ದೆ." ಆಕೆಯ ಕಣ್ಣು ಒಣಗಿತ್ತು. ದನಿ ಸಮವಾಗಿತ್ತು. ಬಂದವರು ಆಕೆಯ ಸ್ಥೈರ್ಯವನ್ನು ಹೊಗಳುತ್ತಿದ್ದರು.

ಅದೇ ವರ್ಷದ ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ ಆಕೆ ನಮ್ಮ ಬಾಗಿಲು ತಟ್ಟಿದರು. ಆ ದಿನ ಮಗಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಆಕೆ ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಮಾತಾಡಿದರು.

"ಪ್ರೊಫೆಸರ್, ನನಗೆ ಅವರ ಮುಖ ನೆನಪಿಗೆ ಬರ್ತಿಲ್ಲ. ಆ ಮಾಸ್ಕ್ ಮಾತ್ರ ಬರುತ್ತೆ. ಗೋಡೆ ಮೇಲೆ ಫೋಟೋ ಇದೆ, ನೋಡ್ತೀನಿ, ಅದು ಫೋಟೋ ಅಷ್ಟೇ. ಅಲುಗಾಡೋ ಮುಖ ಬೇಕು ನನಗೆ. ನಮ್ಮ ಹತ್ರ ವಿಡಿಯೋ ಯಾವುದೂ ಇಲ್ಲ. ಆ ಸಿನಿಮಾ ಒಂದೇ ಇರೋದು."

ಅದನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. ಚಿತ್ರ ತೆರೆಗೆ ಬಂದಾಗ ಆಕೆ ಬಸುರಿ. ಗಂಡ ಸಾಯುವುದನ್ನು ಬಸುರಿ ನೋಡಕೂಡದೆಂದು ಆಕೆಯ ತಾಯಿ ತಡೆದಿದ್ದರು. ಮುಂದೆ ಅದೇ ರೂಢಿಯಾಯಿತು. ಚಿತ್ರದ ಹೆಸರೂ ಆಕೆಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅದನ್ನು 'ಹೋಟೆಲಿಂದು' ಎಂದಷ್ಟೇ ಕರೆಯುತ್ತಿದ್ದರಂತೆ.

"ನೀವು ಅವರ ಜೊತೆ ಕೂತಿರ್ತಿದ್ರಿ. ಎಲ್ಲಿ ಬರ್ತಾರೆ ಅಂತ ನಿಮಗೆ ಗೊತ್ತು."

ನನಗೂ ಹೆಸರು ಗೊತ್ತಿರಲಿಲ್ಲ. ನಾನು ನೋಡಿಯೂ ಇರಲಿಲ್ಲ. ಆದರೆ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವುದು ನನ್ನ ಬಾಲ್ಯದ ಶಿಕ್ಷಣ; ಗುರುಗಳು ಹೇಳುವುದು, ನಾವು ಕೇಳಿ ಒಪ್ಪಿಸುವುದು, ಹೀಗೆಯೇ ನಾನು ಕಲಿತದ್ದು. ಬರುತ್ತೇನೆ ಎಂದೆ. ಪರಸ್ತ್ರೀಯೊಡನೆ ಮುಚ್ಚಿದ ಕೋಣೆಯಲ್ಲಿ ಕೂರುವುದು ನಮಗೆ ನಿಷಿದ್ಧ. ಮಗಳನ್ನು ಜೊತೆಗೆ ಕರೆದುಕೊಂಡೆ, ಗ್ಯಾರೇಜಿನ ಬಾಗಿಲನ್ನು ಪೂರ್ತಿ ಮೇಲೆತ್ತಿರಬೇಕೆಂದು ಕೇಳಿಕೊಂಡೆ. "ಅದು ಎತ್ತೇ ಇದೆ," ಎಂದರು ಆಕೆ. "ಅವರು ಹೋದಾಗಿಂದ ಇಳಿಸಿಲ್ಲ."

ಮಗಳು ಟಿ.ವಿ. ಹಾಕಿ, ಅದರಲ್ಲಿ ಉಳಿದಿದ್ದ ಪಟ್ಟಿಯಿಂದ ನೆರೆಯವರು ನೋಡಿದ್ದ ಚಿತ್ರಗಳನ್ನು ಒಂದೊಂದಾಗಿ ತೆರೆದಳು. ನಾನು ಎಂದಿನಂತೆ ಬೀದಿಗೆ ಮುಖ ಮಾಡಿ ಕುಳಿತೆ. ಬೇಕಾದ ಚಿತ್ರವು ಹಡಗಿನ ಕೂಗಿನಿಂದಲೂ ಒಬ್ಬನ ಸಿಳ್ಳಿನಿಂದಲೂ ಆರಂಭವಾಗುತ್ತಿತ್ತು.

"ಇದಾ ಅಬ್ಬಾ?" ಎಂದಳು ಮಗಳು.

"ಅಲ್ಲಮ್ಮ. ಇದರಲ್ಲಿ ಮದುವೆಯ ವಾದ್ಯ."

"ಇದು?"

"ಅಲ್ಲ. ಇದು ಜೈಲಿನದು, ಕಬ್ಬಿಣದ ಬಾಗಿಲು."

"ಅಬ್ಬಾ, ನೋಡದೇನೇ ಇಷ್ಟು ಗೊತ್ತಾ? ನಮಗೆ ಒಂದು ಕಾರ್ಟೂನ್ ನೋಡೋಕೆ ಬಿಡ್ತಿರಲಿಲ್ಲ ನೀವು!"

"ನೋಡಿಲ್ಲವಮ್ಮ. ಮುಂದೆ ಹೋಗು."

ಹಡಗು ಕೂಗಿತು. ಇದೇ ಎಂದೆ. ಮಗಳು ಅಲ್ಲಲ್ಲಿ ಓಡಿಸಿ ನಿಲ್ಲಿಸುತ್ತ ಹೋದಳು. ನಾನು ಇನ್ನೂ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ಎನ್ನುತ್ತಿದ್ದೆ. ಕೊನೆಗೆ ಕತ್ತೆಯ ಕಥೆ ಸಿಕ್ಕಿತು. ಕಥೆ ಮುಗಿಯಿತು, ಎಲ್ಲರೂ ನಕ್ಕರು, ಹೆಂಗಸು ಉಪ್ಪು ಕೇಳಿದಳು. ನಾನು, "ಈಗ," ಎಂದೆ. ಮಗಳು ಚಿತ್ರವನ್ನು ನಿಲ್ಲಿಸಿದಳು.

"ಇವರಲ್ಲಿ ಅವರು ಯಾರು?" ಎಂದರು ನೆರೆಯವರ ಹೆಂಡತಿ.

ಆಕೆ ಎದ್ದು ಪರದೆಯ ಹತ್ತಿರಕ್ಕೆ ಹೋದ ಸದ್ದಾಯಿತು.

"ಆ ಕಿವಿ," ಎಂದರು. "ಬೆನ್ನು ಈ ಕಡೆ ಇದೆ. ಆದ್ರೂ ಅದು ಅವರ ಕಿವಿನೇ. ಬ್ರೆಡ್ಡನ್ನ ಎರಡೂ ಕೈಲಿ ಹರಿಯೋದು ನೋಡು. ಸ್ವಲ್ಪ ಬಿಡು ಮಗಾ, ತಿರುಗ್ತಾರಾ ನೋಡೋಣ."

ಮಗಳು ಬಿಡಲಿಲ್ಲ. ರಿಮೋಟನ್ನು ಒತ್ತಿದರೆ ಪರದೆಯ ಕೆಳಗೆ ಮುಂದಿನ ದೃಶ್ಯಗಳು ಅಂಗುಲದಷ್ಟು ಸಣ್ಣದಾಗಿ ಕಾಣಿಸುತ್ತವೆಯಂತೆ. ಚುರುಕು ಕಣ್ಣಿನ ಮಗಳಿಗೆ ಅವು ಕಂಡವು; ಆಕೆಯ ವೃದ್ಧ ಕಣ್ಣಿಗೆ ಕಾಣಲಿಲ್ಲ. ಮಗಳು ಕನ್ನಡದಲ್ಲಿ, ದನಿ ತಗ್ಗಿಸಿ ನನಗೆ ಹೇಳಿದಳು: "ಅಬ್ಬಾ, ಅವರು ತಿರುಗೋದೇ ಇಲ್ಲ. ಶೂಟ್ ಮಾಡಿದ್ಮೇಲೆ ಕುರ್ಚಿ ಸಮೇತ ಹಿಂದಕ್ಕೆ ಬೀಳ್ತಾರೆ. ಆಗ ಮಾತ್ರ ಮುಖ ಕಾಣುತ್ತೆ. ಪೂರ್ತಿಯಾಗಿ. ಏನ್ ಹೇಳ್ಲಿ ಆಂಟಿಗೆ?"

"ಏನು ಹೇಳ್ತಿದ್ದಾಳೆ?" ಎಂದರು ಆಕೆ.

ಮರೆಮಾಚುವುದು ನನಗೆ ಸರಿಯೆನಿಸಲಿಲ್ಲ. ಇದ್ದದ್ದನ್ನು ಹೇಳಿದೆ. ಮುಖ ಇದೆ, ಆದರೆ ಸತ್ತ ಮುಖ.

ಆಕೆ ಕುರ್ಚಿಗೆ ಮರಳಿ ಕುಳಿತರು. ಬೀದಿಯಲ್ಲಿ ಒಬ್ಬನು ಎಲೆ ಊದುವ ಯಂತ್ರವನ್ನು ಹಿಡಿದು ಹೋಗುತ್ತಿದ್ದ. ಅದರ ಗದ್ದಲ ದೂರವಾಗುವವರೆಗೂ ಆಕೆ ಕಾದರು.

"ನೀವು ನೋಡಿದ್ರಾ? ನಿಮ್ಮ ಹೆಂಡತೀನ, ಕೊನೇಲಿ?"

"ನೋಡಿದೆ."

"ಏನಾಯ್ತು?"

"ಏನೂ ಆಗಲಿಲ್ಲ. ಮುಟ್ಟುವ ಹಾಗಿರಲಿಲ್ಲ. ನೋಡಿದೆ, ಮುಚ್ಚಿದರು."

"ನೋಡಬಾರದಿತ್ತು ಅನಿಸುತ್ತಾ?"

"ಇಲ್ಲ."

ಮರಣವನ್ನು ಕುರಿತು, ಸಹನೆಯನ್ನು ಕುರಿತು ನನ್ನ ಕಂಠದಲ್ಲಿರುವ ವಾಕ್ಯಗಳು ಒಂದೆರಡಲ್ಲ. ಅವು ಸತ್ಯವೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆ ಗ್ಯಾರೇಜಿನಲ್ಲಿ ಅವುಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ.

"ಹಾಕು ಮಗಾ," ಎಂದರು ಆಕೆ. ಬಳಿಕ ನನಗೆ, "ಒಬ್ಬಳೇ ನೋಡಲಾರೆ. ನೀವೂ ತಿರುಗ್ತೀರಾ?"

ನಾನು ವಿಚಾರ ಮಾಡಿದೆ. ಸಾವಿನ ಮನೆಯಲ್ಲಿ ಬಟ್ಟೆ ಸರಿಸಿ ಮುಖ ತೋರಿಸುವಾಗ ನೆರೆಯವನು ಬೆನ್ನು ತಿರುಗಿಸಿ ನಿಲ್ಲುವುದು ಮರ್ಯಾದೆಯಲ್ಲ. ಇದು ಸಿನಿಮಾ ನೋಡುವುದಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಕುರ್ಚಿಯನ್ನು ತಿರುಗಿಸಿದೆ.

ಸದ್ದುಗಳೆಲ್ಲ ಪರಿಚಿತವಾಗಿದ್ದವು, ಚಿತ್ರ ಮಾತ್ರ ಅಪರಿಚಿತ. ಹೋಟೆಲು ನಾನು ಊಹಿಸಿದ್ದಕ್ಕಿಂತ ಚಿಕ್ಕದು. ಗುಂಡುಗಳು ಸಿಡಿದವು, ತಟ್ಟೆ ಒಡೆಯಿತು, ಬೆನ್ನು ಮಾಡಿ ಕುಳಿತಿದ್ದ ಮನುಷ್ಯನು ಕುರ್ಚಿಯೊಡನೆ ಹಿಂದಕ್ಕೆ ಬಿದ್ದನು. ಮುಖ ಮೇಲಾಯಿತು. ನನಗೆ ಗೊತ್ತಿದ್ದ ಮುದುಕನಿಗಿಂತ ಎಷ್ಟೋ ಚಿಕ್ಕವನು, ಹುಬ್ಬು ದಟ್ಟ, ಅಂಗಿಯ ತುಂಬ ಕೆಂಪು. ಕಣ್ಣು ತೆರೆದೇ ಇತ್ತು. ರೇಡಿಯೋ ಹಾಡುತ್ತಿತ್ತು.

ಮಗಳು ಮುಖ ತಿರುಗಿಸಿಕೊಂಡಳು. ನೆರೆಯವರ ಹೆಂಡತಿ ಮುಂದಕ್ಕೆ ಬಾಗಿದರು.

"ಉಸಿರಾಡ್ತಿದ್ದಾರೆ," ಎಂದರು.

ನಾನೂ ನೋಡಿದೆ. ಕೆಂಪು ಬಳಿದ ಅಂಗಿಯ ಕೆಳಗೆ ಹೊಟ್ಟೆ ಮೆಲ್ಲನೆ ಏರುತ್ತಿತ್ತು, ಮೆಲ್ಲನೆ ಇಳಿಯುತ್ತಿತ್ತು. ಅದನ್ನು ತಡೆಹಿಡಿಯಲು ಅವರು ಹೆಣಗುತ್ತಿದ್ದುದೂ ಕುತ್ತಿಗೆಯಲ್ಲಿ ಕಾಣುತ್ತಿತ್ತು. ಚಿತ್ರ ತೆಗೆದವರು ಗಮನಿಸಿರಲಿಲ್ಲವೋ, ಹಿಂದಿನ ಮೇಜಿನವನಲ್ಲವೇ ಎಂದು ಬಿಟ್ಟರೋ ತಿಳಿಯದು.

"ನಿಲ್ಲಿಸಬೇಡ," ಎಂದರು ಆಕೆ. "ಅಯ್ಯೋ, ಸಾಯೋದಕ್ಕೂ ಬರ್ತಿರಲಿಲ್ಲ ಈ ಮನುಷ್ಯನಿಗೆ! ಊಟ ಜಾಸ್ತಿ ಮಾಡಿದ್ದಾರೆ. ನೋಡು, ಹೊಟ್ಟೆ ನೋಡು."

ದೃಶ್ಯ ಮುಗಿದು, ಯಾರದೋ ಅಡಿಗೆಮನೆ ಬಂತು. ಮತ್ತೊಮ್ಮೆ ಎಂದರು. ಉಪ್ಪು ಕೇಳುವಲ್ಲಿಂದ ಹಾಕಲೇ ಎಂದು ಮಗಳು ಕೇಳಿದಾಗ, "ಬೇಡ, ಬಿದ್ದಲ್ಲಿಂದ," ಎಂದರು. ಮೂರನೆಯ ಸಲಕ್ಕೆ ಯಾವ ಗುಂಡಿ ಒತ್ತಬೇಕೆಂದು ಕೇಳಿ ತಿಳಿದುಕೊಂಡು ರಿಮೋಟನ್ನು ತಾವೇ ತೆಗೆದುಕೊಂಡರು. ಆಕೆಯ ಕೆನ್ನೆ ಒದ್ದೆಯಾಗಿತ್ತು. ಅದು ಆಕೆಗೆ ಗೊತ್ತಿದ್ದಂತೆ ಕಾಣಲಿಲ್ಲ. ನಾನು ನನ್ನ ಕೆನ್ನೆಯನ್ನು ಮುಟ್ಟಿ ನೋಡಿಕೊಂಡೆ. ಒಣಗಿತ್ತು.

ಇಳಿಹೊತ್ತಿನ ಅಸರ್ ನಮಾಜಿನ ವೇಳೆಯಾಗಿತ್ತು. ಆಕೆಗೆ ಹೇಳಿ ಎದ್ದೆವು. ಕಣ್ಣು ಕದಲಿಸದೆ ತಲೆಯಾಡಿಸಿದರು. ಮನೆಗೆ ಬಂದು ಕೈಕಾಲು ಮುಖ ತೊಳೆದು ವುಜೂ ಮಾಡಿದೆ. ಆಫೀಸಿನ ಮೀಟಿಂಗ್ ಇದೆಯೆಂದಿದ್ದ ಮಗಳು ಅದನ್ನು ಬಿಟ್ಟು, ಎಷ್ಟೋ ತಿಂಗಳ ಬಳಿಕ, ನನ್ನ ಹಿಂದೆ ನಮಾಜಿಗೆ ನಿಂತಳು. ಅಸರ್ ಮೌನವಾಗಿ ಓದುವ ನಮಾಜು, ದನಿ ಹೊರಡುವುದಿಲ್ಲ. ಬೇಲಿಯಾಚೆಯಿಂದ ರೇಡಿಯೋ ಹಾಡು ನಿಂತು, ಮತ್ತೆ ಮೊದಲಾಗುತ್ತಿತ್ತು. ನನ್ನ ನಾಲಗೆ ಎಂದಿನಂತೆ ತಾನಾಗಿ ಹೇಳಿಕೊಂಡು ಹೋಗುತ್ತಿತ್ತು. ಹಿಂದೆ ನಿಂತಿದ್ದ ಮಗಳ ಉಸಿರು ಕೇಳಿಸಿತು. ಅವಳಿಗೆ ನೆಗಡಿಯಾಗಿತ್ತು, ಒಂದು ಹೊಳ್ಳೆ ಕಟ್ಟಿತ್ತು. ಸಲಾಮು ಹೇಳಿ ಮುಗಿಸುವವರೆಗೂ ನಾನು ಅದನ್ನೇ ಕೇಳುತ್ತಿದ್ದೆ. ಬಳಿಕ ತಿರುಗಿ, ಶುಂಠಿ ಹಾಕಿ ಚಹಾ ಮಾಡಲೇ ಎಂದು ಅವಳನ್ನು ಕೇಳಿದೆ.